ರಾಗಿಯ ರೋಗಕ್ಕೆ ಹೆಸರಿಟ್ಟು, ಮಣ್ಣಿನಲ್ಲಿ ಮದ್ದು ಹುಡುಕಿದ ತಿರುಮಲಾಚಾರ್

ಮಳೆ ಹೆಚ್ಚಾದ ವರ್ಷ ನಿಮ್ಮ ರಾಗಿ ಹೊಲದ ತಗ್ಗಿನಲ್ಲಿ, ನೀರು ನಿಂತು ಇಳಿದ ಜಾಗದಲ್ಲಿ, ಕೆಲವು ಪೈರು ಗಿಡ್ಡಗೆ ಪೊದೆಯಂತೆ ನಿಂತುಬಿಡುವುದನ್ನು ನೀವು ಕಂಡಿರಬಹುದು. ತೆನೆ ಬರುತ್ತದೆ, ಕಾಳು ಬರುವುದಿಲ್ಲ. ಕಾಳು ಕೂರಬೇಕಾದ ಕಡೆ ಸಣ್ಣ ಸಣ್ಣ ಹಸಿರು ಎಲೆಗಳು ಹೊರಟು ತೆನೆಯೇ ಪೊರಕೆಯಂತಾಗಿರುತ್ತದೆ. ಈ ರೋಗ ತರುವ ಸೂಕ್ಷ್ಮಜೀವಿಗೆ ಇಂದು ಜಗತ್ತಿನ ಎಲ್ಲ ಪುಸ್ತಕಗಳಲ್ಲೂ ಇರುವ ಹೆಸರು ಸ್ಕ್ಲೆರೊಫ್ತೋರ. ಆ ಹೆಸರನ್ನು 1953ರಲ್ಲಿ ಇಟ್ಟ ಮೂವರಲ್ಲಿ ಮೊದಲನೆಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕೆಲಸ ಕಲಿತ ಎಂ. ಜೆ. ತಿರುಮಲಾಚಾರ್. ನೀವು ಬೆಳೆಗೆ ಸಿಂಪಡಿಸಿರಬಹುದಾದ ಆಂಟಿಬಯಾಟಿಕ್ ಔಷಧಿಗಳ ಕಥೆಯಲ್ಲೂ ಇವರ ಹೆಸರು ಬರುತ್ತದೆ. ಹೊಲದಲ್ಲಿ ಹೊಡೆದ ಔಷಧಿ ನಾಳೆ ಮನೆಯವರ ಕಾಯಿಲೆಗೆ ನಾಟದೆ ಹೋದೀತೆಂಬ ಆತಂಕ ಈಗ ಎಲ್ಲೆಡೆ ಇರುವುದರಿಂದ ಇವರ ಬಾಳನ್ನು ನೀವು ತಿಳಿದಿರುವುದು ಒಳ್ಳೆಯದು.

ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್ ಹುಟ್ಟಿದ್ದು 1914ರಲ್ಲಿ. ಆಗಿನ ಬೆಂಗಳೂರಿನ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. 1898ರಲ್ಲಿ ಊರಿಗೆ ಪ್ಲೇಗು ಬಂದಿತ್ತು. ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಇಲಿ ಬಿದ್ದಲ್ಲೆಲ್ಲ ಹೆಣ ಬಿದ್ದುವು. ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲುಗಳಿಗೆ ಹೋದರು. ಚಾಮರಾಜಪೇಟೆ ಅದಕ್ಕೆ ಕೆಲವು ವರ್ಷ ಮುಂಚೆಯೇ, 1892ರಲ್ಲಿ, ಎದ್ದಿತ್ತು. ಗಾಳಿ ಬೆಳಕು ಇರುವ ಅಗಲವಾದ ಬೀದಿಗಳ ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೇಗ ತುಂಬಿಕೊಂಡದ್ದು ಈ ಪ್ಲೇಗಿನ ಭಯದಿಂದ. ಅಂದರೆ ಆ ಬಡಾವಣೆಗಳೇ ಒಂದು ಬಗೆಯ ಔಷಧಿ. ಬೇರೆ ಔಷಧಿ ಯಾವುದೂ ಇರಲಿಲ್ಲ. ಪ್ಲೇಗಿಗಾಗಲಿ ಕ್ಷಯಕ್ಕಾಗಲಿ ವೈದ್ಯರು ಕೊಡಬಹುದಾದ, ನಂಬಬಹುದಾದ ಮಾತ್ರೆಯೋ ಸೂಜಿಮದ್ದೋ ಮುಂದೆ ಸುಮಾರು 40 ವರ್ಷ ಬರಲಿಲ್ಲ. ತಿರುಮಲಾಚಾರ್ ಬೆಳೆದದ್ದು ಆ ಕಾಲದಲ್ಲಿ.

ದಕ್ಷಿಣಕ್ಕೆ ಚಾಮರಾಜಪೇಟೆ, ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ. ಇವುಗಳ ನಡುವೆ ಸೆಂಟ್ರಲ್ ಕಾಲೇಜು. ಅದರ ಸಸ್ಯಶಾಸ್ತ್ರ ವಿಭಾಗದಲ್ಲಿ ಈ ತರುಣ ಆರಿಸಿಕೊಂಡದ್ದು ಗಿಡದ ರೋಗಗಳನ್ನು. ಮೈಸೂರು ಸಂಸ್ಥಾನದಲ್ಲಿ ಆ ವಿದ್ಯೆಗೆ ಆಗಲೇ ಒಳ್ಳೆಯ ಬುನಾದಿ ಬಿದ್ದಿತ್ತು. ಕೆನಡಾದಿಂದ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದ್ದರು. ತಿರುಮಲಾಚಾರರ ಜೀರ್ಸನ್ನಿಧಿ ಮನೆತನದವರೇ ಆದ ಎಂ. ಜೆ. ನರಸಿಂಹನ್ ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿ ರೋಗಶಾಸ್ತ್ರಜ್ಞರಾಗಿದ್ದು, ಕೊಳೆರೋಗದ ಜಾತಿಯ ಜೀವಿಗಳ ಮೇಲೆ 1930ರಲ್ಲಿ ಬರೆದ ಪ್ರಬಂಧ ಹೊರದೇಶಗಳಲ್ಲೂ ಹೆಸರಾಗಿತ್ತು.

ತಿರುಮಲಾಚಾರ್ ಮೊದಲು ಕೈಗೆತ್ತಿಕೊಂಡವುಗಳಲ್ಲಿ ಒಂದು ಜಾಜಿ ಮಲ್ಲಿಗೆಯ ತುಕ್ಕು ರೋಗ. ಹೂ ಬೆಳೆಯುವವರಿಗೆ ಇದು ಗೊತ್ತು. ಎಳೆ ಕುಡಿ, ಮೊಗ್ಗು ಊದಿಕೊಂಡು ಸೊಟ್ಟಗಾಗುತ್ತವೆ, ಮೇಲೆಲ್ಲ ಅರಿಸಿನ ಬಣ್ಣದ ಹುಡಿ ಏಳುತ್ತದೆ. ಇದರ ಮೇಲೆ ಅವರು ಬರೆದ ಪ್ರಬಂಧ 1939ರಲ್ಲಿ ಅಮೆರಿಕದ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ವಯಸ್ಸು 25. ಮುಂದೆ ಕಾಫಿಯ ತುಕ್ಕು ರೋಗದ ಬೆನ್ನು ಹತ್ತಿದರು. ಕಾಫಿ ತೋಟದಲ್ಲಿ ಮಾತ್ರ ನೋಡಿ ಬಿಡಲಿಲ್ಲ, ಕಾಫಿಯ ಬಂಧು ಬಳಗದ ಕಾಡುಗಿಡಗಳನ್ನೂ ತಿರುವಿ ನೋಡಿ, ಅವುಗಳ ಮೇಲಿರುವ ಅದೇ ಕುಲದ ತುಕ್ಕುಗಳನ್ನು ನರಸಿಂಹನ್ ಅವರ ಜೊತೆಯಲ್ಲಿ 1947ರಲ್ಲಿ ವಿವರಿಸಿದರು. ರೋಗ ಬೆಳೆಯಲ್ಲಿ ಕಾಣಿಸುವ ಮುನ್ನ, ಕಾಣಿಸಿ ಹೋದ ಮೇಲೆ, ಅದು ಎಲ್ಲಿ ಅಡಗಿರುತ್ತದೆ ಎಂಬುದೇ ಅವರ ಯಾವತ್ತಿನ ಪ್ರಶ್ನೆ.

ರಾಗಿಗೆ ಬರೋಣ. ರಾಗಿಯ ಕಾಡಿಗೆ ರೋಗ ನೀವು ಬಲ್ಲಿರಿ: ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಹಸಿರು ಗಂಟಿನಂತೆ ಊದಿ ಕೊನೆಗೆ ಕಪ್ಪಾಗುತ್ತದೆ. ಇದನ್ನು ಮೊದಲು ವಿವರಿಸಿದ ಕುಲಕರ್ಣಿಯವರು ಬೇರೊಂದು ಕುಲಕ್ಕೆ ಸೇರಿಸಿದ್ದರು. 1946ರಲ್ಲಿ ಬಿ. ಬಿ. ಮುಂಡ್ಕೂರ್ ಮತ್ತು ತಿರುಮಲಾಚಾರ್ ಅದನ್ನು ಸರಿಯಾದ ಕುಲಕ್ಕೆ ಸೇರಿಸಿದರು. ತುಳುನಾಡಿನ ಊರಿನ ಹೆಸರು ಹೊತ್ತ ಈ ಮುಂಡ್ಕೂರ್ ಭಾರತದ ಸಸ್ಯರೋಗಶಾಸ್ತ್ರ ಸಂಘವನ್ನು 1947ರಲ್ಲಿ ಕಟ್ಟಿದವರು. ಇಬ್ಬರೂ ಸೇರಿ ಭಾರತದ ಕಾಡಿಗೆ ರೋಗಗಳನ್ನು ಕುರಿತು ಬರೆದ ಗ್ರಂಥ 1952ರಲ್ಲಿ ಹೊರಬಂತು. ಒಂದು ಕಾಡಿಗೆ ಕುಲಕ್ಕೆ ತಿರುಮಲಾಚಾರ್ ಮುಂಡ್ಕೂರರ ಹೆಸರನ್ನೇ ಇಟ್ಟರು.

ಮೊದಲು ಹೇಳಿದ ಎಲೆತೆನೆಯ ರೋಗದ ವಿಷಯ ಇನ್ನೂ ಸ್ವಾರಸ್ಯವಾದದ್ದು. ಹಿಂದಿನವರು ಆ ಜೀವಿಯನ್ನು ಬೂಜು ತುಪ್ಪಟ ರೋಗದ ಕುಲಕ್ಕೆ ಸೇರಿಸಿದ್ದರು. ತಿರುಮಲಾಚಾರ್, ಅಮೆರಿಕದ ಷಾ, ನಮ್ಮ ನರಸಿಂಹನ್, ಈ ಮೂವರು ಒದ್ದೆ ಎಲೆಯ ಮೇಲೆ ಅದು ಮರಿ ಹಾಕುವ ಬಗೆಯನ್ನು ನೋಡಿದರು. ಆ ಬಗೆ ಅಡಿಕೆಯ ಕೊಳೆರೋಗದ ಕುಲದ್ದು. ಮುದಿಯಾಗಿ ಎಲೆಯೊಳಗೆ ಅಡಗುವ ಬಗೆ ಮಾತ್ರ ಬೂಜು ತುಪ್ಪಟದ್ದು. ಎರಡು ಮನೆಯ ಗುಣ ಇರುವ ಇದಕ್ಕೆ ಎರಡು ಕುಲದ ಹೆಸರನ್ನೂ ಕೂಡಿಸಿ ಸ್ಕ್ಲೆರೊಫ್ತೋರ ಎಂದು ಕರೆದರು. ಈಗಿನ ವಿಜ್ಞಾನಿಗಳು ಇಂಥ ಜೀವಿಗಳನ್ನು ನಿಜವಾದ ಶಿಲೀಂಧ್ರದ, ಅಂದರೆ ಬೂಷ್ಟಿನ, ಗುಂಪಿಗೆ ಸೇರಿಸುವುದಿಲ್ಲ. ಇವು ನೀರಿನಲ್ಲಿ ಈಜುವ ಮರಿ ಹಾಕುವ ಬೇರೆಯೇ ಸಂತತಿ.

ಹೆಸರು ಬದಲಾದರೆ ನಮಗೇನು ಎಂದು ನೀವು ಕೇಳಬಹುದು. ಈಜುವ ಮರಿ ಎಂದು ಗೊತ್ತಾದ ಮೇಲೆ ತಾನೆ ತಗ್ಗಿನಲ್ಲಿ ನಿಂತ ನೀರೇ ಅದರ ದಾರಿ ಎಂದು ತಿಳಿಯುವುದು? ಈ ಜೀವಿ ರಾಗಿಗಷ್ಟೇ ಅಲ್ಲ, ಭತ್ತ, ಜೋಳ, ಕಬ್ಬು, ಎಷ್ಟೋ ಬಗೆಯ ಹುಲ್ಲಿಗೂ ಬರುತ್ತದೆ. ಆದ್ದರಿಂದ ನೀರು ಬಸಿಯುವ ಕಾಲುವೆ ತೆಗೆಯುವುದು, ರೋಗದ ಪೈರನ್ನು ಕಂಡ ಕೂಡಲೆ ಕಿತ್ತು ಹಾಕುವುದು, ಬದುವಿನ ಹುಲ್ಲನ್ನು ಸವರುವುದು ಇವೇ ಮೊದಲ ಕೆಲಸ. ಸರಿಯಾದ ಹೆಸರು ಗೊತ್ತಿಲ್ಲದವನು ಅಂಗಡಿಯಿಂದ ಯಾವುದೋ ಪುಡಿ ತಂದು ಸುರಿಯುತ್ತಿದ್ದ.

ಈ ನಡುವೆ ತಿರುಮಲಾಚಾರ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಡಿಕ್ಸನ್ ಎಂಬ ಪ್ರಾಧ್ಯಾಪಕರೊಡನೆ ಕೆಲಸ ಮಾಡಿ ಬಂದಿದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಆಲೂಗಡ್ಡೆ ಸಂಶೋಧನೆಯಲ್ಲೂ ಇದ್ದರು. ಬಿಹಾರದಲ್ಲಿ ಆಲೂಗಡ್ಡೆ ನೆಲದಲ್ಲೇ ಇದ್ದಿಲಿನಂತೆ ಕಪ್ಪಾಗಿ ಕೊಳೆಯುತ್ತಿತ್ತು. ಬೇಸಾಯದ ಕ್ರಮಕ್ಕೂ ಆ ಕೊಳೆಗೂ ಇರುವ ನಂಟನ್ನು ಅವರು ಶೋಧಿಸಿ 1955ರಲ್ಲಿ ಪ್ರಕಟಿಸಿದರು. ನೆಲ ಕಾಯ್ದಷ್ಟೂ ಆ ಕೊಳೆ ಹೆಚ್ಚು. ಬಿಸಿಲು ಏರುವ ಮೊದಲೇ ಗೆಡ್ಡೆ ಕಿತ್ತುಕೊಂಡರೆ, ನೀರು ಕೊಟ್ಟು ನೆಲ ತಂಪಾಗಿಟ್ಟರೆ ನಷ್ಟ ಕಡಮೆ. ಇಲ್ಲೂ ಔಷಧಿಯ ಮಾತೇ ಇಲ್ಲ ಎಂಬುದನ್ನು ಗಮನಿಸಿ.

ಔಷಧಿಯ ಕಾಲ ಬಂದದ್ದು ಆಮೇಲೆ. 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಅವರ ಶಿಷ್ಯ ಷಾಟ್ಸ್ ಮಣ್ಣಿನ ಒಂದು ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ತೆಗೆದಿದ್ದರು. ಕ್ಷಯಕ್ಕೆ ಸಿಕ್ಕಿದ ಮೊದಲ ಮದ್ದು ಅದು. ಬೆಂಗಳೂರಿನ ಪೇಟೆಯನ್ನು ಖಾಲಿ ಮಾಡಿದ್ದ ಪ್ಲೇಗಿಗೂ ಅದೇ ಮದ್ದು. ಭಾರತ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. ಮೊದಲು ಪೆನಿಸಿಲಿನ್, ಕೆಲವು ವರ್ಷಗಳ ಮೇಲೆ ಸ್ಟ್ರೆಪ್ಟೊಮೈಸಿನ್ ಅಲ್ಲಿ ತಯಾರಾಗತೊಡಗಿತು. ತಿರುಮಲಾಚಾರ್ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು.

ಗಿಡದ ಬೂಷ್ಟು ನೋಡುತ್ತಿದ್ದವರಿಗೆ ಔಷಧಿ ಕಾರ್ಖಾನೆಯಲ್ಲಿ ಏನು ಕೆಲಸ ಎನ್ನಬೇಡಿ. ಬೇಸಗೆ ಕಳೆದು ಮೊದಲ ಮಳೆ ಬಿದ್ದಾಗ ನಿಮ್ಮ ಹೊಲದಿಂದ ಏಳುವ ಘಮಲು ಇದೆಯಲ್ಲ, ಅದು ಬಹುಮಟ್ಟಿಗೆ ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಜೀವಿಗಳದ್ದು. ಇವು ಅಕ್ಕಪಕ್ಕದ ಜೀವಿಗಳನ್ನು ತಡೆಯುವ ವಸ್ತುಗಳನ್ನು ತಾವೇ ತಯಾರಿಸುತ್ತವೆ. ಅಂಥ ವಸ್ತುವೇ ಆಂಟಿಬಯಾಟಿಕ್. ಹುಡುಕುವ ಕ್ರಮ ಕೇಳಲು ಸುಲಭ. ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ, ಮತ್ತೆ ಮತ್ತೆ ತೆಳ್ಳಗೆ ಮಾಡಿ, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಗಂಜಿಯಂಥ ಆಹಾರದ ಮೇಲೆ ಹರಡುತ್ತಾರೆ. ಒಂದೊಂದು ಜೀವಿಯೂ ಚುಕ್ಕೆಯಾಗಿ ಬೆಳೆಯುತ್ತದೆ. ಆ ಚುಕ್ಕೆಯನ್ನು ಎತ್ತಿ ರೋಗದ ಬೂಷ್ಟು ಬಿತ್ತಿದ ತಟ್ಟೆಯಲ್ಲಿ ಇಡುತ್ತಾರೆ. ಸುತ್ತ ಬೂಷ್ಟು ಬೆಳೆಯದೆ ಬಳೆಯಂತೆ ಜಾಗ ಬಿಟ್ಟರೆ ಅಲ್ಲಿ ಮದ್ದಿದೆ ಎಂದರ್ಥ. ಸಾವಿರಾರು ಚುಕ್ಕೆ ನೋಡಿದರೂ ಏನೂ ಸಿಗದೆ ಹೋಗಬಹುದು. ಒಂದು ಚುಕ್ಕೆಗೂ ಇನ್ನೊಂದಕ್ಕೂ ವ್ಯತ್ಯಾಸ ಗುರುತಿಸುವ ಕಣ್ಣು ಬೇಕು. ತುಕ್ಕು, ಕಾಡಿಗೆಗಳ ನಡುವೆ ಹದಿನೈದು ವರ್ಷ ಕಳೆದವರಿಗೆ ಆ ಕಣ್ಣು ಇತ್ತು.

ಪಿಂಪ್ರಿಯ ಮಣ್ಣಿನಲ್ಲೇ ಸಿಕ್ಕಿದ ಒಂದು ಜೀವಿಗೆ ಊರಿನ ಹೆಸರನ್ನೇ ಸೇರಿಸಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂದು ಕರೆದರು. ಅದರಿಂದ ಬಂದ ಹಾಮೈಸಿನ್ ಬೂಷ್ಟಿನ ರೋಗಗಳಿಗೆ ಮದ್ದಾಯಿತು. ಕೂಸುಗಳ ನಾಲಿಗೆಯ ಮೇಲೆ ಬಿಳಿಯ ಪದರ ಕಟ್ಟುವ ಬೇನೆ, ಕಿವಿಯೊಳಗಿನ ಬೂಷ್ಟು, ಇಂಥವಕ್ಕೆ. ಆಮೇಲೆ ಹುಳುಕಡ್ಡಿಯಂಥ ಚರ್ಮರೋಗಗಳಿಗೆ ಡರ್ಮೋಸ್ಟಾಟಿನ್ ಬಂತು. ರೈತರ ಪಾಲಿಗೆ ಬಂದದ್ದು 1964ರ ಸುಮಾರಿನ ಆರಿಯೋಫಂಗಿನ್. ಗಿಡ ಇದನ್ನು ಹೀರಿಕೊಂಡು ಒಳಗೆ ಸಾಗಿಸಬಲ್ಲದು, ಮಳೆಗೆ ತೊಳೆದುಹೋಗುವ ಮೇಲ್ಮೈ ಔಷಧಿಯಂತಲ್ಲ. ದ್ರಾಕ್ಷಿ, ನಿಂಬೆ ಜಾತಿ, ಸೇಬು, ಹೀಗೆ ಹಲವು ಬೆಳೆಗಳಲ್ಲಿ ಇದನ್ನು ಬಳಸಿದರು. ನಮ್ಮಲ್ಲಿ ಅಣಬೆ ರೋಗವೆನ್ನುವ, ತಮಿಳುನಾಡಿನಲ್ಲಿ ತಂಜಾವೂರು ಸೊರಗು ರೋಗವೆನ್ನುವ ತೆಂಗಿನ ಪೀಡೆಗೆ ಅಲ್ಲಿನ ವಿಜ್ಞಾನಿಗಳು ಇದನ್ನು ಬೇರಿನ ಮೂಲಕ ಉಣಿಸಲು ಹೇಳಿದ್ದರು. 100 ಮಿಲಿಲೀಟರ್ ನೀರಿನಲ್ಲಿ 2 ಗ್ರಾಂ ಆರಿಯೋಫಂಗಿನ್, 1 ಗ್ರಾಂ ಮೈಲುತುತ್ತ ಕರಗಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಪೆನ್ಸಿಲ್ ಗಾತ್ರದ ಎಳೆ ಬೇರನ್ನು ಓರೆಯಾಗಿ ಕೊಯ್ದು ಅದರಲ್ಲಿ ಅದ್ದಿ ಕಟ್ಟುವುದು. ಮೂರು ತಿಂಗಳಿಗೊಮ್ಮೆ ಹೀಗೆ. ಮದ್ದು ಮರಕ್ಕೇ ಹೋಗುತ್ತದೆ, ಗಾಳಿಗೂ ನೆಲಕ್ಕೂ ಚೆಲ್ಲುವುದು ಕಡಮೆ. ಈ ಕ್ರಮ ನನಗೆ ಬಹಳ ಮೆಚ್ಚಿಕೆ.

ಅದೇ ಕಾರ್ಖಾನೆಯಿಂದ ಹಳ್ಳಿಹಳ್ಳಿಗೆ ಹೋದ ಇನ್ನೊಂದು ಪೊಟ್ಟಣ ನಿಮಗೆ ಇನ್ನೂ ಪರಿಚಿತ. ಸ್ಟ್ರೆಪ್ಟೋಸೈಕ್ಲಿನ್, 6 ಗ್ರಾಂ ಪೊಟ್ಟಣ. ಇದರಲ್ಲಿ ನೂರಕ್ಕೆ 90 ಪಾಲು ಸ್ಟ್ರೆಪ್ಟೊಮೈಸಿನ್ ಸಲ್ಫೇಟ್, 10 ಪಾಲು ಟೆಟ್ರಾಸೈಕ್ಲಿನ್. ಭತ್ತದ ಎಲೆ ಒಣಗಿಸುವ ದುಂಡಾಣು ಅಂಗಮಾರಿ, ನಿಂಬೆಯ ಕಜ್ಜಿ, ಈಚೆಗೆ ದಾಳಿಂಬೆಯ ಅಂಗಮಾರಿ, ಇವಕ್ಕೆಲ್ಲ ಇದನ್ನು ಹೊಡೆದವರು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಒಂದು ಸಂಗತಿಯನ್ನು ಮಾತ್ರ ರೈತರಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಮೊದಲನೆಯದು ಕ್ಷಯ, ಪ್ಲೇಗುಗಳ ಮದ್ದು. ಎರಡನೆಯದೂ ಅಂಥದ್ದೇ, 1994ರಲ್ಲಿ ಸೂರತ್‌ನಲ್ಲಿ ಪ್ಲೇಗಿನ ಗುಲ್ಲೆದ್ದಾಗ ಜನ ಅಂಗಡಿಗೆ ಮುಗಿಬಿದ್ದು ಕೊಂಡದ್ದು ಟೆಟ್ರಾಸೈಕ್ಲಿನ್. ಮನುಷ್ಯರ ಔಷಧಿಯನ್ನೇ ನಾವು ಪಂಪಿಗೆ ತುಂಬಿ ಹೊಡೆಯುತ್ತ ಬಂದೆವು. ಈ ಪೊಟ್ಟಣದ ಹೊಣೆ ತಿರುಮಲಾಚಾರರದ್ದೆಂದು ನಾನು ಹೇಳುತ್ತಿಲ್ಲ. ಅವರ ಪ್ರಯೋಗಾಲಯ ಬೆಳೆಗೆಂದು ಆರಿಯೋಫಂಗಿನ್ ತಂದುಕೊಟ್ಟಿತು. ಆದರೆ ಅಲ್ಲೂ ಒಂದು ಎಚ್ಚರದ ಮಾತಿದೆ. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಬಂದಾಗ ಆಸ್ಪತ್ರೆಗಳಲ್ಲಿ ಸಾಲದೆ ಹೋದ ಆಂಫೊಟೆರಿಸಿನ್ ಎಂಬ ಮದ್ದು ಆರಿಯೋಫಂಗಿನ್‌ನ ದಾಯಾದಿಯೇ.

ಹೊಡೆದರೆ ಆಗುವ ಕೇಡೇನು? ಒಂದು ಎಕರೆಯ ಎಲೆಗಳ ಮೇಲೆ, ಮಣ್ಣಿನಲ್ಲಿ, ಕೋಟ್ಯಂತರ ದುಂಡಾಣುಗಳು ಇರುತ್ತವೆ. ಔಷಧಿ ಬಿದ್ದಾಗ ಹೆಚ್ಚಿನವು ಸಾಯುತ್ತವೆ, ತಡೆದುಕೊಳ್ಳುವ ಶಕ್ತಿ ಇರುವ ಕೆಲವು ಉಳಿಯುತ್ತವೆ. ಮುಂದಿನ ಸಂತತಿಯೆಲ್ಲ ಅವುಗಳದ್ದೇ. ಜಡ್ಡುಗಟ್ಟಿದ ಕಳೆ ಒಂದೇ ಕಳೆನಾಶಕಕ್ಕೆ ಜಗ್ಗದೆ ಹೋಗುವಂತೆ ಇದು. ಇನ್ನೂ ಕೆಟ್ಟ ಸಂಗತಿಯೆಂದರೆ, ದುಂಡಾಣುಗಳು ಈ ಶಕ್ತಿಯನ್ನು ಮಕ್ಕಳಿಗಷ್ಟೇ ಅಲ್ಲದೆ ಪಕ್ಕದಲ್ಲಿರುವ ಬೇರೆ ಜಾತಿಯ ದುಂಡಾಣುವಿಗೂ ದಾಟಿಸಬಲ್ಲವು. ಗಿಡದ ದುಂಡಾಣುವಿನಿಂದ ಮಣ್ಣಿನದಕ್ಕೆ, ಅಲ್ಲಿಂದ ದನದ ಅಥವಾ ಮನುಷ್ಯನ ಕರುಳಿನದಕ್ಕೆ. ಕ್ಯಾಲಿಫೋರ್ನಿಯದ ಮರಸೇಬಿನ ತೋಟಗಳಲ್ಲಿ ಸ್ಟ್ರೆಪ್ಟೊಮೈಸಿನ್ ಹೊಡೆದು ಹೊಡೆದು 1970ರ ದಶಕದ ಆರಂಭದಲ್ಲೇ ಅದಕ್ಕೆ ಸಾಯದ ರೋಗಾಣು ಕಾಣಿಸಿತು. ಅಮೆರಿಕದ ತೋಟಗಳ ರೋಗಾಣುವಿನಲ್ಲಿ ಸಿಕ್ಕಿದ ತಡೆಶಕ್ತಿಯ ವಂಶವಾಹಿಗಳೇ ಮನುಷ್ಯರ ದುಂಡಾಣುಗಳಲ್ಲೂ ಸಿಕ್ಕಿವೆ. ಆಸ್ಪತ್ರೆಯ ಪಾಠವೂ ಹಳೆಯದೇ. ಬ್ರಿಟನ್ನಿನಲ್ಲಿ ಕ್ಷಯರೋಗಿಗಳಿಗೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ ಪ್ರಯೋಗದ ಫಲ 1948ರಲ್ಲಿ ಪ್ರಕಟವಾದಾಗಲೇ, ಮೊದಮೊದಲು ಚೇತರಿಸಿಕೊಂಡವರಲ್ಲಿ ಹಲವರಿಗೆ ಕೆಲವೇ ತಿಂಗಳಲ್ಲಿ ಮದ್ದು ನಾಟದೆ ಹೋಯಿತೆಂದು ಗೊತ್ತಾಗಿತ್ತು.

ತಪ್ಪು ರೈತರದ್ದು ಮಾತ್ರವಲ್ಲ. ನಗರದವರು ನುಂಗಿದ ಮಾತ್ರೆಯ ಬಹುಪಾಲು ಮೂತ್ರದಲ್ಲಿ ಹೊರಬಂದು ಚರಂಡಿ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುವ ವೃಷಭಾವತಿ ಬೆಂಗಳೂರಿನ ಕೊಳಚೆ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿನ ರೈತರು ಆ ನೀರಿನಲ್ಲೇ ಬೆಳೆ ತೆಗೆದಿದ್ದಾರೆ. ಕೋಳಿ ಬೇಗ ಬಲಿಯಲೆಂದು ಮೇವಿನಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. 2021ರ ಡಿಸೆಂಬರ್‌ನಲ್ಲಿ ಬೇಸಾಯದಲ್ಲಿ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಬಳಕೆ ನಿಲ್ಲಿಸುವ ಕರಡು ಆದೇಶ ಹೊರಟಿತು. 2024ರ ಜನವರಿ 1ರಿಂದ ಬಳಕೆ ಪೂರ್ತಿ ನಿಲ್ಲಬೇಕೆಂಬುದು ಆ ಕರಡಿನಲ್ಲಿದ್ದ ಗಡುವು.

ತಿರುಮಲಾಚಾರ್ ಇದನ್ನು ನೋಡಲಿಲ್ಲ. ಪಿಂಪ್ರಿಯ ಕೆಲಸದ ಬಳಿಕ ಅವರು ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಹೋಗಿ, ಅಲ್ಲಿ ಜೀರ್ಸನ್ನಿಧಿ ಎಂಬ ಮನೆತನದ ಹೆಸರನ್ನೇ ಹೊತ್ತ ಸಂಶೋಧನಾ ಸಂಸ್ಥೆಯೊಂದನ್ನು ಜೊತೆಗಾರರೊಡನೆ ಕಟ್ಟಿದರು. ಆ ದೇಶದ ಬೀದಿಮರಗಳನ್ನು ಒಣಗಿಸುತ್ತಿದ್ದ ಎಲ್ಮ್ ಮರದ ರೋಗಕ್ಕೆ ಮದ್ದು ಹುಡುಕಿದರು. 1999ರಲ್ಲಿ ತೀರಿಕೊಂಡರು.

ರೋಗದ ಹೆಸರು ಮೊದಲು, ಮದ್ದು ಆಮೇಲೆ ಎಂದು ನಡೆದವರ ವಿಷಯ ಓದಿದ ಮೇಲೆ ನಿಮ್ಮ ಹೊಲದಲ್ಲೇ ಮಾಡಬಹುದಾದ ಒಂದು ಪರೀಕ್ಷೆ ತಿಳಿದಿರಲಿ. ಭತ್ತದ ಎಲೆ ಅಂಚಿನಿಂದ ಒಣಗುತ್ತಿದ್ದರೆ, ಒಣಗಿದ ಭಾಗವೂ ಹಸಿರು ಭಾಗವೂ ಕೂಡುವ ಕಡೆ ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಕೊಯ್ದ ತುದಿ ಮುಳುಗುವಂತೆ ಹಿಡಿಯಿರಿ. ಬಾಡಿದ ಟೊಮೇಟೊ ಗಿಡವಾದರೆ ಬುಡದ ಕಾಂಡದ ತುಂಡು ಸಾಕು. ಕೆಲವು ನಿಮಿಷದಲ್ಲಿ ಕೊಯ್ದ ತುದಿಯಿಂದ ಹಾಲಿನ ಎಳೆಯಂತೆ ಇಳಿದರೆ ಅದು ದುಂಡಾಣು ರೋಗ. ಇಳಿಯದಿದ್ದರೆ ಅದು ಬೂಷ್ಟೋ, ಹುಳುವೋ, ಗೊಬ್ಬರದ ಕೊರತೆಯೋ ಇರಬಹುದು. ಮೆಣಸಿನ ಗಿಡದ ಎಲೆ ಮುದುಡುವ ನಂಜು ರೋಗಕ್ಕಂತೂ ಆ 6 ಗ್ರಾಂ ಪುಡಿಯಿಂದ ಏನೂ ಆಗದು. ಎಳೆ ಇಳಿದರೂ ಇಳಿಯದಿದ್ದರೂ ಅಂಗಡಿಗೆ ಹೋಗುವ ಮೊದಲು ಒಂದು ರೋಗದ ಗಿಡವನ್ನು ಬೇರು ಸಮೇತ ಕಿತ್ತು, ಕಾಗದದಲ್ಲಿ ಸುತ್ತಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.